ಪೂರ್ತಿ ಡೌನ್ ಆದ ಕಾರ್ ಬ್ಯಾಟರಿಯನ್ನು ಮನೆಯಲ್ಲೇ ಎಬ್ಬಿಸುವುದು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಎರಡು ತಿಂಗಳಿಂದ ನಿಂತ ಕಾರು. ರಿಮೋಟ್ ಒತ್ತಿದರೆ ಲಾಕ್ ತೆರೆಯುವುದಿಲ್ಲ. ಕೀಲಿಯಿಂದ ಬಾಗಿಲು ತೆಗೆದು ಇಗ್ನಿಷನ್ ಆನ್ ಮಾಡಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪವೂ ಇಲ್ಲ. ಹಾರ್ನೂ ಇಲ್ಲ. ಮಕ್ಕಳು ಹೊರದೇಶದಲ್ಲಿದ್ದು, ಅಪ್ಪ ಅಮ್ಮ ಅಪರೂಪಕ್ಕೆ ಕಾರು ತೆಗೆಯುವ ಮನೆಗಳಲ್ಲಿ ಇದು ಮಾಮೂಲಿ. ಅಂಗಡಿಗೆ ಫೋನ್ ಮಾಡಿದರೆ “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ” ಎಂಬ ಉತ್ತರವೇ ಜಾಸ್ತಿ. ಆದರೆ ಹಾಗೆ ಬದಲಾಯಿಸಿದ ಬ್ಯಾಟರಿಗಳಲ್ಲಿ ಎಷ್ಟೋ ಇನ್ನೂ ಜೀವ ಇಟ್ಟುಕೊಂಡಿರುತ್ತವೆ. ಬೇಕಾದದ್ದು ಕಡಿಮೆ ಕರೆಂಟು, ಜಾಸ್ತಿ ಸಮಯ, ನಡುನಡುವೆ ಮೀಟರ್ ನೋಡುವ ತಾಳ್ಮೆ. ಮೊದಲ ಕೆಲವು ಗಂಟೆ ಅದು ಚಾರ್ಜ್ ಆಗುವ ರೀತಿಯೇ ಉಳಿಯುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಈ ಬರಹ ಮಾಮೂಲಿ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಗೆ. ಲೀಥಿಯಂ ಬ್ಯಾಟರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದನ್ನು ಮುಟ್ಟಲೂ ಬೇಡಿ.

ತಪ್ಪು ಬ್ಯಾಟರಿಯದ್ದೇನಾ?

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ಟರ್ಮಿನಲ್ ಕ್ಲಾಂಪಿನ ಮೇಲೆ ಹಿಡಿಯಬೇಡಿ, ಬ್ಯಾಟರಿಯ ಸೀಸದ ಕಂಬದ ಮೇಲೇ ಹಿಡಿಯಿರಿ. ಕಂಬದಲ್ಲಿ 12.5 ವೋಲ್ಟ್ ಇದ್ದು ಕ್ಲಾಂಪಿನಲ್ಲಿ ಇಲ್ಲದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ನಡುವೆ ಕಟ್ಟಿಕೊಂಡ ಬಿಳಿ-ಹಸಿರು ಪುಡಿಯದ್ದು. ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ. ಅಲ್ಲಿಗೆ ಕೆಲಸ ಮುಗಿದಿರಬಹುದು.

ರಾತ್ರಿಯಿಡೀ ಸುಮ್ನೆ ನಿಂತ ಬ್ಯಾಟರಿಯಲ್ಲಿ 12.6 ಅಥವಾ 12.7 ಕಂಡರೆ ಅದು ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. 11.8ಕ್ಕೆ ಬಂದರೆ ಖಾಲಿಯೇ ಅಂದುಕೊಳ್ಳಿ. ಹತ್ತರ ಮೇಲೆ ಇನ್ನೂ ಇದೆಯಲ್ಲ ಎಂದು ಮೋಸ ಹೋಗಬೇಡಿ, ಸೆಲ್ಫ್ ತಿರುಗಿಸುವ ಶಕ್ತಿ ಅಷ್ಟರಲ್ಲಿ ಇರುವುದಿಲ್ಲ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಎಂದು ಬಿಡದೆ ಸದ್ದು ಬರುವುದು ಇಂಥ ಹಂತದಲ್ಲೇ. ಒಂದೇ ಒಂದು ‘ಟಕ್’ ಬಂದು, ಹೆಡ್‌ಲೈಟ್ ಮಾತ್ರ ಜೋರಾಗಿಯೇ ಉರಿಯುತ್ತಿದ್ದರೆ ಸ್ಟಾರ್ಟರ್ ಮೋಟಾರ್ ಕಡೆ ನೋಡಬೇಕು.

10.5ಕ್ಕಿಂತ ಕೆಳಗಿದ್ದರೆ ಅದೇ ನಮ್ಮ ವಿಷಯ, ಆಳಕ್ಕೆ ಇಳಿದ ಬ್ಯಾಟರಿ. 8 ಇರಬಹುದು, 5 ಇರಬಹುದು, 2 ಕೂಡ ಇರಬಹುದು.

ತಳ್ಳಿ ಸ್ಟಾರ್ಟ್ ಮಾಡೋಣ ಎಂಬ ಸಲಹೆ ಈ ಹಂತದಲ್ಲಿ ಖಂಡಿತ ಬರುತ್ತದೆ. ಹಳೇ ಕಾರ್ಬುರೇಟರ್ ಗಾಡಿಗಳ ಕಾಲದ ಸಲಹೆ ಅದು. ಈಗಿನ ಗಾಡಿಯಲ್ಲಿ ಪೆಟ್ರೋಲ್ ಪಂಪಿಗೂ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ನಾಲ್ಕು ಜನ ಎಷ್ಟು ತಳ್ಳಿದರೂ ಎಂಜಿನ್ ಹಿಡಿಯುವುದಿಲ್ಲ. ಜಂಪರ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಬಹುದು, ನಿಜ. ಆದರೆ ಆಮೇಲೆ ಖಾಲಿ ಬ್ಯಾಟರಿಯನ್ನು ತುಂಬಿಸುವ ಭಾರವೆಲ್ಲ ಆಲ್ಟರ್ನೇಟರ್ ಮೇಲೆ ಬೀಳುತ್ತದೆ. ಎಂಜಿನ್ ಓಡುವಾಗ ಗಾಡಿಗೆ ಕರೆಂಟ್ ಕೊಡುವುದು, ತುಂಬಿದ ಬ್ಯಾಟರಿಯನ್ನು ತುಂಬಿದಂತೆ ಇಟ್ಟುಕೊಳ್ಳುವುದು ಅದರ ಕೆಲಸ. ಸತ್ತ ಬ್ಯಾಟರಿಗೆ ಗಂಟೆಗಟ್ಟಲೆ ದುಡಿದರೆ ಅದು ಕಾಯುತ್ತದೆ, ಒಳಗಿನ ಡಯೋಡ್ ಸುಡುವುದೂ ಉಂಟು. ಆಗ ಬ್ಯಾಟರಿಗಿಂತ ದೊಡ್ಡ ಖರ್ಚು. ಆಸ್ಪತ್ರೆಗೆ ಹೋಗುವಂಥ ತುರ್ತು ಇದ್ದರೆ ಜಂಪ್ ಮಾಡಿ. ಇಲ್ಲದಿದ್ದರೆ ಬಿಚ್ಚಿ ಮನೆಗೆ ತನ್ನಿ.

ಒಳಗೆ ಏನಾಗಿದೆ

ಬ್ಯಾಟರಿಯೊಳಗೆ ಆರು ಸೆಲ್‌ಗಳು, ಒಂದೊಂದೂ ಸುಮಾರು 2.1 ವೋಲ್ಟ್. ಶಕ್ತಿ ಹೊರಗೆ ಹೋಗುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತಾ ನೀರಿನ ಕಡೆ ಹೋಗುತ್ತದೆ. ಚಾರ್ಜ್ ಮಾಡಿದರೆ ಇದೆಲ್ಲ ಹಿಂದಕ್ಕೆ ತಿರುಗುತ್ತದೆ. ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ ಈ ರಸಾಯನ ಇವತ್ತಿಗೂ ಹಾಗೆಯೇ ಇದೆ. ತೊಂದರೆ ಶುರುವಾಗುವುದು ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟಾಗ. ಮೊದಲು ನುಣ್ಣಗೆ, ಮೆತ್ತಗೆ ಇದ್ದ ಸಲ್ಫೇಟ್ ದಿನ ಕಳೆದಂತೆ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಗಡಸು ನೀರಿನ ಊರಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಹಾಗೆ. ಆ ಪದರ ಕರೆಂಟನ್ನು ಒಳಗೆ ಬಿಡುವುದಿಲ್ಲ. ಸೆಕೆ ಜಾಸ್ತಿ ಇದ್ದಷ್ಟೂ ಇದು ಬೇಗ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಖಾಲಿ ನಿಂತ ಬ್ಯಾಟರಿಗೆ ಬೆಂಗಳೂರಿನ ಬ್ಯಾಟರಿಗಿಂತ ಕಡಿಮೆ ಕಾಲಾವಕಾಶ.

ಇನ್ನೊಂದು ಅಪಾಯದ ಬಗ್ಗೆ ಹೆಚ್ಚಿನವರು ಮಾತಾಡುವುದಿಲ್ಲ. ಆಸಿಡ್ ನೀರಿನಂತಾದಾಗ ಸೀಸದ ಸಲ್ಫೇಟ್ ಅದರಲ್ಲಿ ಸ್ವಲ್ಪ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ್ದು ಪ್ಲೇಟುಗಳ ನಡುವಿನ ತೆಳು ಪದರದಲ್ಲೇ ಸೀಸವಾಗಿ ಕೂತು, ಎರಡು ಪ್ಲೇಟನ್ನು ಸೇರಿಸಿಬಿಡಬಹುದು. ಎದ್ದ ಬ್ಯಾಟರಿ ಕೆಲವು ವಾರಕ್ಕೆ ಕಾರಣವಿಲ್ಲದೆ ಮತ್ತೆ ಸತ್ತರೆ ಎಷ್ಟೋ ಸಲ ಇದೇ ಕಾರಣ. ಹೆಡ್‌ಲೈಟ್ ಆನ್ ಆಗಿಯೇ ಉಳಿದು ಖಾಲಿಯಾದ ಬ್ಯಾಟರಿಯಲ್ಲಿ ಮತ್ತೂ ಒಂದು ತೊಡಕು ಇರುತ್ತದೆ. ಎಲ್ಲಕ್ಕಿಂತ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದ ಐದು ಅದರ ಮೂಲಕ ಕರೆಂಟ್ ತಳ್ಳಿ ಅದರ ಪ್ಲಸ್ ಮೈನಸ್ಸನ್ನೇ ಉಲ್ಟಾ ಮಾಡುತ್ತವೆ. ಹಾಗಾಗಿ, ಬ್ಯಾಟರಿ ಡೌನ್ ಆಗಿದೆ ಎಂದು ಗೊತ್ತಾದ ದಿನವೇ ಕೆಲಸ ಶುರು ಮಾಡಿ. ಮುಂದಿನ ಭಾನುವಾರಕ್ಕೆ ಬಿಡಬೇಡಿ.

ಕೈ ಹಾಕುವ ಮುಂಚೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತದೆ. ಆದ್ದರಿಂದ ಬಾಲ್ಕನಿ ಅಥವಾ ಗಾಳಿಯಾಡುವ ಯುಟಿಲಿಟಿಯಲ್ಲಿ ಇಡಿ. ಮಲಗುವ ಕೋಣೆ ಬೇಡ, ಅಡುಗೆಮನೆ ಬೇಡ, ದೇವರ ದೀಪ ಉರಿಯುವ ಜಾಗವಂತೂ ಬೇಡವೇ ಬೇಡ. ಯಾವಾಗಲೂ ಮೊದಲು ಚಾರ್ಜರ್ ಕ್ಲಿಪ್ ಬ್ಯಾಟರಿಗೆ ಹಾಕಿ, ಆಮೇಲೆ ಗೋಡೆಯ ಸ್ವಿಚ್ ಆನ್ ಮಾಡಿ. ಬಿಚ್ಚುವಾಗ ಮೊದಲು ಸ್ವಿಚ್ ಆಫ್. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಆಸಿಡ್ ಚರ್ಮಕ್ಕೋ ಕಣ್ಣಿಗೋ ತಾಗಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಾದರೆ ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಬಿರುಕು ಕಂಡರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜ್ ಮಾಡುವ ಮಾತೇ ಬೇಡ.

ಟೊರಾಂಟೊ, ಮಿನ್ನೆಸೋಟದಂಥ ಕಡೆ ಇರುವವರಿಗೆ ಒಂದು ಮಾತು. ತುಂಬಿದ ಬ್ಯಾಟರಿ ಎಂಥ ಚಳಿಗೂ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 10 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದಕ್ಕೆ ಚಾರ್ಜರ್ ಹಾಕಬೇಡಿ.

ಬಿಚ್ಚುವಾಗ 10 ನಂಬರ್ ಸ್ಪ್ಯಾನರ್ ಸಾಮಾನ್ಯವಾಗಿ ಸಾಕು. ಮೊದಲು ಮೈನಸ್, ಆಮೇಲೆ ಪ್ಲಸ್. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್. ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ಸುಮಾರು 10 ಕೆಜಿ ತೂಗುತ್ತದೆ. ಲಿಫ್ಟ್‌ನಲ್ಲಿ ತರುವಾಗ ನೆಟ್ಟಗೆ ಹಿಡಿಯಿರಿ, ವಾಲಿಸಬೇಡಿ.

ಮುಚ್ಚಳಗಳಿರುವ ಬ್ಯಾಟರಿಯಾದರೆ ತೆಗೆದು ಇಣುಕಿ ನೋಡಿ. ಪ್ಲೇಟು ಕಾಣುವಷ್ಟು ಒಣಗಿದ್ದರೆ ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಪೂರ್ತಿ ಮಟ್ಟಕ್ಕೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ, ಯಾಕೆಂದರೆ ಚಾರ್ಜ್ ಆಗುತ್ತಾ ಮಟ್ಟ ಏರುತ್ತದೆ. ಆರ್‌ಓ ನೀರು, ಕಾಯಿಸಿ ಆರಿಸಿದ ನೀರು ಯಾವುದೂ ಆಗದು.

ಚಾರ್ಜರ್ ಗುರುತಿಸುತ್ತಲೇ ಇಲ್ಲ, ಏನು ಮಾಡುವುದು?

ಹೆಚ್ಚಿನವರು ಕೈಬಿಡುವುದು ಇಲ್ಲೇ. ಆನ್‌ಲೈನ್‌ನಲ್ಲಿ ತರಿಸಿದ ಸ್ಮಾರ್ಟ್ ಚಾರ್ಜರ್ ಹಾಕಿದರೆ ಕೆಂಪು ದೀಪ ಮಿಣುಕುತ್ತದೆ, ಮುಂದೆ ಏನೂ ಆಗುವುದಿಲ್ಲ. ಚಾರ್ಜರ್ ಕೆಟ್ಟಿಲ್ಲ, ಬ್ಯಾಟರಿಯೂ ಸತ್ತಿದೆ ಎಂದು ಅರ್ಥವಲ್ಲ. ಉಲ್ಟಾ ಹಾಕಿದರೆ, ಶಾರ್ಟ್ ಆದರೆ ಕಾಪಾಡಲೆಂದು ಈ ಚಾರ್ಜರ್‌ಗಳು ಇಂತಿಷ್ಟು ವೋಲ್ಟೇಜ್ ಕಂಡ ಮೇಲಷ್ಟೇ ಕೆಲಸ ಶುರು ಮಾಡುತ್ತವೆ. 3 ವೋಲ್ಟ್ ಕಂಡರೆ ಅಲ್ಲಿ ಬ್ಯಾಟರಿಯೇ ಇಲ್ಲ ಎಂದುಕೊಳ್ಳುತ್ತವೆ.

ಆ ಮಿತಿಯವರೆಗೆ ಕೈಹಿಡಿದು ಎತ್ತಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಹೆಡ್‌ಲೈಟ್ ಬಲ್ಬಿನದು. ಒಂದು ಒಳ್ಳೆಯ 12 ವೋಲ್ಟ್ ಬ್ಯಾಟರಿ ಬೇಕು, ಇನ್ನೊಂದು ಕಾರಿನದ್ದಾದರೂ ಸರಿ. ಎರಡು ಬ್ಯಾಟರಿಯ ಮೈನಸ್‌ಗಳನ್ನು ವಯರಿನಿಂದ ಸೇರಿಸಿ. ಪ್ಲಸ್‌ನಿಂದ ಪ್ಲಸ್‌ಗೆ ಹೋಗುವ ವಯರಿನ ನಡುವೆ 12 ವೋಲ್ಟ್ 55 ವ್ಯಾಟ್‌ನ ಹ್ಯಾಲೋಜನ್ ಬಲ್ಬ್ ಕೂರಿಸಿ. ಬಲ್ಬೇ ಕರೆಂಟಿಗೆ ಕಡಿವಾಣ. ಸತ್ತ ಬ್ಯಾಟರಿ ಎಷ್ಟೇ ಖಾಲಿ ಇದ್ದರೂ 5 ಆಂಪ್ಸ್ ದಾಟುವುದಿಲ್ಲ. ಬಲ್ಬ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್, ಬಟ್ಟೆಗಳಿಂದ ದೂರ ಇಡಿ. ಕೊನೆಯ ಸಂಪರ್ಕವನ್ನು ಸತ್ತ ಬ್ಯಾಟರಿಯ ಹತ್ತಿರ ಮಾಡದೆ ಬಲ್ಬಿನ ಬಳಿ ಮಾಡಿದರೆ ಕಿಡಿ ಹಾರಿದರೂ ದೂರದಲ್ಲಿರುತ್ತದೆ.

ಈಗ ಬಲ್ಬ್ ನೋಡಿ. ಮಧ್ಯಮವಾಗಿ ಉರಿದು, ನಿಧಾನಕ್ಕೆ ಮಂಕಾಗುತ್ತಾ ಹೋದರೆ ಸಂತೋಷದ ಸುದ್ದಿ. ಬ್ಯಾಟರಿ ಕರೆಂಟ್ ತಗೊಳ್ಳುತ್ತಿದೆ, ಅದರ ವೋಲ್ಟೇಜ್ ಏರುತ್ತಿದೆ. 11ರ ಮೇಲೆ ಬಂದರೆ ಬಲ್ಬ್ ತೆಗೆದು ಚಾರ್ಜರ್ ಹಾಕಿ, ಹೆಚ್ಚಿನವು ಈಗ ಗುರುತಿಸುತ್ತವೆ. ಬಲ್ಬ್ ಉರಿಯುವುದೇ ಇಲ್ಲ, ಆದರೆ ಸತ್ತ ಬ್ಯಾಟರಿಯ ಮೇಲೆ ಮೀಟರ್ ತಕ್ಷಣ 12 ದಾಟಿ ತೋರಿಸುತ್ತದೆ ಎಂದರೆ ಸಲ್ಫೇಟ್ ಪದರ ಕರೆಂಟನ್ನು ತಡೆದಿದೆ. ಸೆಲ್‌ನಿಂದ ಸೆಲ್‌ಗೆ ಕರೆಂಟ್ ಒಯ್ಯುವ ಒಳಗಿನ ಸೇತುವೆ ಮುರಿದಿದ್ದರೂ ಹೀಗೇ ಕಾಣುತ್ತದೆ. ಸಂಪರ್ಕ ಹಾಗೇ ಇಟ್ಟು ಕೆಲವು ಗಂಟೆ ಕಾಯಿರಿ. ಬಲ್ಬಿನ ತಂತಿ ನಸುಗೆಂಪಾಗಲು ಶುರುವಾದರೆ ಪದರ ಕರಗುತ್ತಿದೆ ಎಂದು ತಿಳಿಯಿರಿ.

ವೋಲ್ಟೇಜ್, ಕರೆಂಟ್ ಎರಡನ್ನೂ ತಿರುಗಿಸಿ ಇಡಬಹುದಾದ ಬೆಂಚ್ ಪವರ್ ಸಪ್ಲೈ ಯಾರ ಬಳಿಯಾದರೂ ಇದ್ದರೆ ಅದು ಇನ್ನೂ ಒಳ್ಳೆಯದು. 14.4 ವೋಲ್ಟ್, 1 ಆಂಪ್ಸ್‌ಗೆ ಕಟ್ಟಿ ಬಿಡಿ. ಸಲ್ಫೇಟ್ ಗಟ್ಟಿಯಾದ ಬ್ಯಾಟರಿ ಮೊದಲು ಕೆಲವೇ ಮಿಲಿಆಂಪ್ ತಗೊಳ್ಳುತ್ತದೆ. ಗಂಟೆಗಳು ಕಳೆದಂತೆ ಅದು ಏರುತ್ತಾ ಬಂದರೆ ಕೆಲಸ ಆಗುತ್ತಿದೆ.

ಮನೆಯ ಯುಪಿಎಸ್‌ಗೆ ಕಾರ್ ಬ್ಯಾಟರಿ ಸಿಕ್ಕಿಸುವ ಯೋಚನೆ ನಮ್ಮಲ್ಲಿ ಬಹಳ ಜನರಿಗೆ ಬರುತ್ತದೆ. ದಯವಿಟ್ಟು ಬೇಡ. ಅದು 150 ಎಎಚ್‌ನ ಟ್ಯೂಬುಲರ್ ಬ್ಯಾಟರಿಗೆಂದು ಮಾಡಿದ್ದು, 10ರಿಂದ 15 ಆಂಪ್ಸ್ ತಳ್ಳುತ್ತದೆ. 35 ಎಎಚ್‌ನ ಬಳಲಿದ ಬ್ಯಾಟರಿಗೆ ಅಷ್ಟು ಹರಿಸಿದರೆ ಪ್ಲೇಟು ಬಾಗುತ್ತದೆ.

ನಿಧಾನ ಚಾರ್ಜ್, ಮತ್ತು ನೋಡಬೇಕಾದ ಗುರುತುಗಳು

ಸಾಮಾನ್ಯ ಲೆಕ್ಕ ಎಎಚ್‌ನ ಹತ್ತರಲ್ಲಿ ಒಂದು ಪಾಲು, ಅಂದರೆ 35ಕ್ಕೆ 3.5 ಆಂಪ್ಸ್. ಆಳಕ್ಕೆ ಇಳಿದ ಬ್ಯಾಟರಿಗೆ ಅದೂ ಜಾಸ್ತಿ. ಒಂದೆರಡು ಆಂಪ್ಸ್‌ನಲ್ಲಿ ಶುರು ಮಾಡಿ. 2 ಆಂಪ್ಸ್‌ಗೆ 35 ಎಎಚ್ ತುಂಬಲು ಸುಮ್ನೆ ಭಾಗಿಸಿದರೇ 17 ಗಂಟೆ ಮೀರುತ್ತದೆ. ನಷ್ಟ ಸೇರಿಸಿದರೆ, ಕೊನೆಗೆ ಕರೆಂಟ್ ಇಳಿಯುವುದನ್ನೂ ಸೇರಿಸಿದರೆ, ಒಂದು ಹಗಲು ಒಂದು ರಾತ್ರಿ ಬೇಕೇ ಬೇಕು. ಮೊದಲ ಕೆಲವು ಗಂಟೆ ಹತ್ತಿರದಲ್ಲೇ ಇರಿ, ಆಗಾಗ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಸ್ವಿಚ್ ಆಫ್ ಮಾಡಿ.

ಆರೋಗ್ಯವಾಗಿರುವ ಬ್ಯಾಟರಿಯ ವೋಲ್ಟೇಜ್ ಆತುರ ಮಾಡುವುದಿಲ್ಲ. ಮೊದಲು 12ರ ಮೇಲೆ, ಎಷ್ಟೋ ಗಂಟೆಗಳ ನಂತರ 13, ಕೊನೆಗೆ 14.4ಕ್ಕೆ ಬಂದು ನಿಂತು ಕರೆಂಟ್ ಇಳಿಯುತ್ತಾ ಹೋಗುತ್ತದೆ. ಮುಚ್ಚಳ ತೆರೆದು ನೋಡಿದರೆ ಆರೂ ಸೆಲ್‌ನಲ್ಲಿ ಹೆಚ್ಚುಕಡಿಮೆ ಒಂದೇ ಥರ ಗುಳ್ಳೆ.

ಹಾಕಿದ ಕೂಡಲೇ ವೋಲ್ಟೇಜ್ 15ಕ್ಕೆ ಹಾರಿ, ಚಾರ್ಜರ್ ಅರ್ಧ ಗಂಟೆಯಲ್ಲೇ ‘ಫುಲ್’ ಎಂದು ಹಸಿರು ದೀಪ ತೋರಿಸಿದರೆ ನಂಬಬೇಡಿ. ಅದು ತುಂಬಿದ್ದಲ್ಲ, ಸಲ್ಫೇಟ್ ಕಟ್ಟಿ ಒಳಗೆ ಬಿಡುತ್ತಿಲ್ಲ. ಕಡಿಮೆ ಕರೆಂಟಿನಲ್ಲಿ ದಿನಗಟ್ಟಲೆ ಇಟ್ಟರೆ ಕೆಲವು ಬ್ಯಾಟರಿಗಳು ಸುಧಾರಿಸುತ್ತವೆ, ಎಲ್ಲವೂ ಅಲ್ಲ. ಕಾರಿನಿಂದ ಬಿಚ್ಚಿಟ್ಟ, ಮುಚ್ಚಳವಿರುವ ಬ್ಯಾಟರಿಗೆ ಮಾತ್ರ 15.5ರವರೆಗೆ ಹೋಗಬಹುದು, ಅದೂ ಕಣ್ಣೆದುರಿಗೇ. ಸ್ಟಾರ್ಟ್-ಸ್ಟಾಪ್ ಕಾರಿನ ಎಜಿಎಂ (ಗಾಜಿನ ನಾರಿನ ಹಾಳೆ ಆಸಿಡನ್ನು ಹೀರಿಟ್ಟುಕೊಂಡ, ಸೀಲ್ ಮಾಡಿದ) ಬ್ಯಾಟರಿಯಲ್ಲಿ ಈ ಪ್ರಯೋಗ ಮಾಡಬೇಡಿ. ಅದರಲ್ಲಿ ಹೋದ ನೀರನ್ನು ಮತ್ತೆ ತುಂಬಿಸಲಾಗದು.

ಮೂರನೆಯ ಬಗೆ ಕೆಟ್ಟದ್ದು. ಗಂಟೆಗಳು ಕಳೆದರೂ ವೋಲ್ಟೇಜ್ 12ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕರೆಂಟ್ ಇಳಿಯುವುದಿಲ್ಲ, ಬ್ಯಾಟರಿ ಕಾಯುತ್ತದೆ. ಐದು ಸೆಲ್ ಗುಳ್ಳೆ ಬಿಡುತ್ತವೆ, ಒಂದು ಸುಮ್ಮನಿರುತ್ತದೆ. ಚಾರ್ಜರ್ ತೆಗೆದು ಬಿಟ್ಟರೆ ಮೀಟರ್ 10.5ಕ್ಕೆ ಬಂದು ನಿಲ್ಲುತ್ತದೆ. ಐದು ಸೆಲ್‌ನ ಲೆಕ್ಕ ಸರಿಯಾಗಿ ಅಷ್ಟೇ ಅಲ್ವಾ? ಆರನೆಯದು ಶಾರ್ಟ್ ಆಗಿದೆ. ಇದಕ್ಕೆ ಮನೆಮದ್ದು ಇಲ್ಲ, ಇಲ್ಲಿಗೇ ನಿಲ್ಲಿಸಿ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ಎಪ್ಸಮ್ ಸಾಲ್ಟ್ ಹಾಕಿದರೆ ಆಸಿಡ್ ಎಷ್ಟು ಸಾಂದ್ರ ಎಂದು ಅಳೆಯುವ ಹೈಡ್ರೋಮೀಟರಿನ ರೀಡಿಂಗ್ ಏರುತ್ತದೆ, ಬ್ಯಾಟರಿಯ ಶಕ್ತಿ ಏರುವುದಿಲ್ಲ. ಹೊಸ ಆಸಿಡ್ ಹಾಕಿಕೊಡುವವರೂ ಇದ್ದಾರೆ. ಬ್ಯಾಟರಿಯ ಆಸಿಡ್ ಎಲ್ಲೂ ಹೋಗಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಆಗಿ ಕೂತಿದೆ. ಮೇಲಿಂದ ಇನ್ನಷ್ಟು ಸುರಿದರೆ ಚಾರ್ಜ್ ಆದಾಗ ಆಸಿಡ್ ಅತಿಯಾಗಿ ಪ್ಲೇಟನ್ನೇ ತಿನ್ನುತ್ತದೆ. ಆಸಿಡ್ ಚೆಲ್ಲಿಹೋಗಿದ್ದರೆ ಮಾತ್ರ ಆಸಿಡ್, ಒಣಗಿದ್ದರೆ ಡಿಸ್ಟಿಲ್ಡ್ ವಾಟರ್.

ಎದ್ದಿದೆಯಾ? ಪರೀಕ್ಷೆ

ಚಾರ್ಜರ್ ತೆಗೆದ ಕೂಡಲೇ ಕಾಣುವ 13ಕ್ಕೆ ಬೆಲೆ ಇಲ್ಲ. ಅದು ಮೇಲ್ಮೇಲಿನ ಚಾರ್ಜ್. ಏನೂ ಜೋಡಿಸದೆ 12ರಿಂದ 24 ಗಂಟೆ ಬಿಡಿ. ಆಮೇಲೂ 12.5 ಅಥವಾ ಮೇಲಿದ್ದರೆ ಚೆನ್ನಾಗಿ ಎದ್ದಿದೆ. 12.2ಕ್ಕೆ ಜಾರಿದ್ದರೆ ಇನ್ನೊಂದು ಸಲ ನಿಧಾನ ಚಾರ್ಜ್ ಕೊಡಿ, ಎರಡನೇ ಸುತ್ತಿನಲ್ಲಿ ಸುಧಾರಿಸುವುದು ಮಾಮೂಲಿ. ಮುಚ್ಚಳವಿದ್ದರೆ ಹೈಡ್ರೋಮೀಟರ್ ಹಾಕಿ. ನಮ್ಮ ಕಡೆಯ ಬ್ಯಾಟರಿಗಳಲ್ಲಿ ತುಂಬಿದಾಗ 1.240ರಿಂದ 1.260 ಬರಬೇಕು. ಆ ಅಂಕಿಗಿಂತಲೂ ಮುಖ್ಯ, ಆರೂ ಸೆಲ್‌ಗಳು ಒಂದಕ್ಕೊಂದು ಹತ್ತಿರ ಇರುವುದು. ಒಂದು ಸೆಲ್ ಉಳಿದವಕ್ಕಿಂತ 0.040ರಷ್ಟು ಹಿಂದಿದ್ದರೆ ಅದೇ ಮುಂದೆ ಕೈಕೊಡುವ ಸೆಲ್. ಸೀಲ್ ಮಾಡಿದ ಬ್ಯಾಟರಿಯ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ, ಅದು ಆರರಲ್ಲಿ ಒಂದು ಸೆಲ್ ಮಾತ್ರ ನೋಡುತ್ತದೆ.

ಕಾರಿಗೆ ಹಾಕುವಾಗ ಮೊದಲು ಪ್ಲಸ್, ಆಮೇಲೆ ಮೈನಸ್. ಟರ್ಮಿನಲ್ ಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಒಬ್ಬರು ಮೀಟರ್ ಹಿಡಿಯಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. 8ಕ್ಕೆ ಬಿದ್ದರೆ ಸುಮ್ಮನೆ ನಿಂತಾಗ ತೋರಿಸಿದ 12.5 ಬರೀ ತೋರಿಕೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿಯ ಮೇಲೆ 13.8ರಿಂದ 14.5 ಕಾಣಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಏರಿಸಿ ಇಳಿಸಿ ಮಾಡುವುದರಿಂದ ಒಂದು ರೀಡಿಂಗಿನಿಂದ ತೀರ್ಮಾನಕ್ಕೆ ಬರಬೇಡಿ. ಹಳೇ ಕಾರಿನಲ್ಲಿ 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ದುಡಿಯುತ್ತಿಲ್ಲ. ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೇ ಪದ್ಧತಿ ಬೇಡ, ವೋಲ್ಟೇಜ್ ಚಿಮ್ಮಿ ಇಸಿಯು ಸುಡಬಹುದು.

ಖಾಲಿ ಆಗಿದ್ದಾದರೂ ಯಾಕೆ?

ಇದನ್ನು ಕಂಡುಹಿಡಿಯದೆ ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ನಿಂತ ಕಾರು ಕೂಡ ಗಡಿಯಾರ, ಅಲಾರಂ, ರಿಮೋಟ್ ರಿಸೀವರ್‌ಗೆಂದು 20ರಿಂದ 50 ಮಿಲಿಆಂಪ್ ತಿನ್ನುತ್ತದೆ. 40 ಮಿಲಿಆಂಪ್ ಎಂದರೆ ದಿನಕ್ಕೆ ಸುಮಾರು 1 ಎಎಚ್. 35 ಎಎಚ್ ಬ್ಯಾಟರಿ ಒಂದು ತಿಂಗಳಿಗೆ ತಳ ಕಾಣುವುದರಲ್ಲಿ ಆಶ್ಚರ್ಯವೇ ಇಲ್ಲ. ನೇರ ಬ್ಯಾಟರಿಗೆ ಕಟ್ಟಿದ ಡ್ಯಾಶ್‌ಕ್ಯಾಮ್ 250 ಮಿಲಿಆಂಪ್ ಎಳೆದರೆ ಒಂದು ವಾರವೂ ಬರುವುದಿಲ್ಲ.

ಅಳೆಯುವುದು ಹೀಗೆ. ಬಾನೆಟ್ ತೆರೆದು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ಕಾರು ಲಾಕ್ ಮಾಡಿ ರಿಮೋಟ್ ದೂರ ಇಡಿ. ಮೀಟರಿನ ಕೆಂಪು ವಯರನ್ನು 10 ಆಂಪ್ಸ್ ತೂತಿಗೆ ಹಾಕಿ. ಮೈನಸ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಕಂಬಕ್ಕೂ ನಡುವೆ ಮೀಟರ್ ಜೋಡಿಸಿ. ಮೊದಲು ಜಾಸ್ತಿ ತೋರಿಸುತ್ತದೆ, ಗಾಬರಿ ಬೇಡ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಕೊಡಿ. ಈ ಹೊತ್ತಿನಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಆಮೇಲೂ 50 ಮಿಲಿಆಂಪ್ ಮೀರಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಎಳೆಯಿರಿ. ಯಾವುದನ್ನು ತೆಗೆದಾಗ ಧುತ್ತೆಂದು ಇಳಿಯುತ್ತದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್, ಮುಚ್ಚಿದರೂ ಆರದ ಡಿಕ್ಕಿಯ ದೀಪ ಇವನ್ನು ಮೊದಲು ಅನುಮಾನಿಸಿ.

ಏನೂ ಸಿಗದಿದ್ದರೆ ಓಡಾಟವೇ ಕಾರಣ ಇರಬಹುದು. ದಿನಾ ಎರಡು ಕಿಲೋಮೀಟರ್, ಸಿಗ್ನಲ್‌ನಲ್ಲಿ ಏಸಿ ಮತ್ತು ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಸೆಲ್ಫ್‌ಗೆ ಖರ್ಚಾದದ್ದೇ ಮರಳಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೊರಗಿನ ರಸ್ತೆಯಲ್ಲಿ ಓಡಿಸಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಆನ್ ಮಾಡಿ ಆಫ್ ಮಾಡುವುದರಿಂದ ಹೆಚ್ಚೇನೂ ತುಂಬುವುದಿಲ್ಲ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಎಂದಾದರೆ ಮೈನಸ್ ಕ್ಲಾಂಪ್ ಬಿಚ್ಚಿಟ್ಟು ಹೋಗಿ. ವಾಪಸ್ ಹಾಕಿದಾಗ ಗಡಿಯಾರ ಸರಿಮಾಡಿ, ಆಟೋ ಪವರ್ ವಿಂಡೋವನ್ನು ಪೂರ್ತಿ ಮೇಲೆತ್ತಿ ಸ್ವಿಚ್ ಕೆಲವು ಸೆಕೆಂಡ್ ಹಿಡಿದಿರಿ. ಸ್ಟೀರಿಂಗ್ ದೀಪ ಉರಿದರೆ ಹೆಚ್ಚಿನ ಕಾರುಗಳಲ್ಲಿ ಸ್ಟೀರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿದಾಗ ಆರುತ್ತದೆ.

ಯಾವಾಗ ಬಿಟ್ಟುಬಿಡಬೇಕು

ನಮ್ಮ ಹವೆಯಲ್ಲಿ ಕಾರ್ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ನಾಲ್ಕು ವರ್ಷ ದಾಟಿ, ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಎಬ್ಬಿಸಲು ಹೊರಡಬೇಡಿ. ಎದ್ದರೂ ಅದನ್ನು ನಂಬಿಕೊಂಡು ರಾತ್ರಿ ಶಿರಾಡಿ ಘಾಟಿಗೆ ಹೋಗಲಾಗದು. ಎರಡು ವರ್ಷದೊಳಗಿನದಾಗಿ, ಕೆಲವೇ ವಾರ ಖಾಲಿಯಿದ್ದರೆ ಪ್ರಯತ್ನಕ್ಕೆ ಖಂಡಿತ ಅರ್ಹ. ವಾರಂಟಿ ಇದ್ದರೆ ಏನೂ ಬಿಚ್ಚದೆ ಮೊದಲು ಬಿಲ್ ಹುಡುಕಿ.

ಕೆಟ್ಟ ಬ್ಯಾಟರಿಯನ್ನು ಮನೆ ಬಾಗಿಲಿಗೆ ಬರುವ ಗುಜರಿಯವರಿಗೆ ಕೊಡಬೇಡಿ. ಬಯಲಲ್ಲಿ ಒಡೆದು, ಸೀಸ ಕರಗಿಸಿ, ಆಸಿಡ್ ಚರಂಡಿಗೆ ಸುರಿಯುವ ಕಡೆಗೇ ಅದು ಹೋಗಬಹುದು. ಸೀಸದ ಹೊಗೆ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಡಿ. ಅದರ ಸೀಸಕ್ಕೆ ಬೆಲೆ ಇದೆ. ಬಿಲ್ ಮಾಡಿಸುವ ಮುಂಚೆಯೇ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ, ಅದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.